ಎರಡು ಮದುವೆ, ಒಂದು ಛತ್ರ

ಸಾಫ್ಟ್‌ವೇರ್ ಕೆಲಸದಲ್ಲಿ ನನಗೆ ಪದೇಪದೇ ಎದುರಾಗಿರುವ ಮಾತೊಂದಿದೆ. ‘ಹಾಗಾಗೋಕೆ ಸಾಧ್ಯವೇ ಇಲ್ಲ, ನಾವು ಕೋಡ್‌ನಲ್ಲಿ ಚೆಕ್ ಹಾಕಿದ್ದೀವಿ.’ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಚೆಕ್ ನಿಜಕ್ಕೂ ಇರುತ್ತದೆ. ಕೋಡ್ ತೆಗೆದು ತೋರಿಸುತ್ತಾರೆ, ಓದಿದರೆ ಸರಿಯಾಗೇ ಕಾಣುತ್ತದೆ. ಆದರೂ ಆಗಬಾರದ್ದು ಆಗಿರುತ್ತದೆ, ಡೇಟಾಬೇಸ್‌ನಲ್ಲಿ ಅದರ ಗುರುತು ಉಳಿದಿರುತ್ತದೆ. ಒಂದು ವಿಷಯ ಆಗದ ಹಾಗೆ ಎಚ್ಚರದಿಂದ ನೋಡಿಕೊಳ್ಳುವುದು ಬೇರೆ, ಅದು ಆಗಲಿಕ್ಕೆ ದಾರಿಯೇ ಇಲ್ಲದ ಹಾಗೆ ಕಟ್ಟುವುದು ಬೇರೆ. ಇವೆರಡರ ನಡುವಿನ ದೂರ ಎಷ್ಟು ಅಂತ ನನಗೆ ಮನವರಿಕೆ ಆದದ್ದು ಮೈಸೂರು ಕಡೆಯ ಒಂದು ಕಲ್ಯಾಣ ಮಂಟಪದ ಬುಕಿಂಗ್ ಸಾಫ್ಟ್‌ವೇರ್‌ನಿಂದ.

ಆ ಛತ್ರ ನಡೆಸುತ್ತಿದ್ದದ್ದು ಒಂದು ಟ್ರಸ್ಟ್. ಮೇಲೆ ದೊಡ್ಡ ಹಾಲ್, ಪಕ್ಕದಲ್ಲಿ ಚಿಕ್ಕ ಹಾಲ್, ಕೆಳಗೆ ಊಟದ ಹಾಲ್. ಬುಕಿಂಗ್ ಎರಡು ಕಡೆ ನಡೆಯುತ್ತಿತ್ತು. ಛತ್ರದ ಆಫೀಸಿನಲ್ಲಿ ಒಂದು ಕಂಪ್ಯೂಟರ್, ಪೇಟೆಯೊಳಗಿದ್ದ ಟ್ರಸ್ಟ್ ಆಫೀಸಿನಲ್ಲಿ ಇನ್ನೊಂದು. ಸಾಫ್ಟ್‌ವೇರ್ ಬರೆದವರು ಬೇರೆ ಯಾರೋ, ಅದನ್ನು ನೋಡಿಕೊಳ್ಳುವ ಕೆಲಸ ನಮ್ಮ ಟೀಮಿಗೆ ಬಂದಿತ್ತು. ಸ್ವಲ್ಪ ದಿನಕ್ಕೇ ಫೋನ್ ಬಂತು. ಒಂದೇ ಹಾಲ್, ಒಂದೇ ಮುಹೂರ್ತ, ಎರಡು ಕುಟುಂಬ. ಇಬ್ಬರ ಕೈಯಲ್ಲೂ ಅಡ್ವಾನ್ಸ್ ಕೊಟ್ಟ ರಸೀದಿ. ಮದುವೆಗೆ ಇನ್ನೂ ಸಮಯವಿತ್ತು, ಆದರೆ ಒಂದು ಮನೆಯವರು ಆಗಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿಬಿಟ್ಟಿದ್ದರು. ನಾವು ಹೋದಾಗ ಹುಡುಗಿಯ ತಂದೆ ಆಫೀಸಿನಲ್ಲೇ ಕೂತಿದ್ದರು. ಜಗಳ ಮಾಡಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಅದರಲ್ಲಿ ಛತ್ರದ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟು, ‘ಇದನ್ನ ಈಗ ಊರಿಗೆಲ್ಲ ಹಂಚಿ ಆಗಿದೆ’ ಅಂದರು. ಅಷ್ಟೇ.

ಕೋಡ್‌ನಲ್ಲಿ ಚೆಕ್ ಇತ್ತು. ಬುಕಿಂಗ್ ಉಳಿಸುವ ಮೊದಲು ಪ್ರೋಗ್ರಾಂ ಡೇಟಾಬೇಸನ್ನು ಕೇಳುತ್ತಿತ್ತು: ಈ ಹಾಲ್ ಆ ದಿನ ಖಾಲಿ ಇದೆಯಾ? ಖಾಲಿ ಅಂತ ಉತ್ತರ ಬಂದರೆ ಹೊಸ ಸಾಲು ಬರೆಯುತ್ತಿತ್ತು. ತೊಂದರೆ ಇದ್ದದ್ದು ಕೇಳುವುದಕ್ಕೂ ಬರೆಯುವುದಕ್ಕೂ ನಡುವಿನ ಸಂದಿಯಲ್ಲಿ. ಛತ್ರದ ಆಫೀಸಿನವರು ಕೇಳಿದರು, ಖಾಲಿ ಅಂತ ಬಂತು. ಅವರದ್ದು ಇನ್ನೂ ಬರೆದು ಮುಗಿದಿಲ್ಲ, ಅಷ್ಟರಲ್ಲಿ ಟ್ರಸ್ಟ್ ಆಫೀಸಿನವರೂ ಕೇಳಿದರು, ಅವರಿಗೂ ಖಾಲಿ ಅಂತಲೇ ಬಂತು. ಇಬ್ಬರೂ ಬರೆದರು. ಲಾಗ್ ತೆಗೆದು ನೋಡಿದರೆ ಎರಡೂ ಸಾಲು ಒಂದೇ ಸೆಕೆಂಡಿನೊಳಗೆ ಬಿದ್ದಿದ್ದವು. ‘ಇದು ಕೋಟಿಗೊಂದು ಸಲ ಆಗೋದು’ ಅಂದರು ನಮ್ಮ ಟೀಮಿನ ಒಬ್ಬರು. ಸುಮ್ನೆ ಲೆಕ್ಕ ಹಾಕಿದರೆ ಹಾಗೇ ಅನ್ನಿಸುತ್ತದೆ. ಆದರೆ ಛತ್ರ ಹುಡುಕುವವರು ವರ್ಷದ ದಿನಗಳನ್ನು ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಆಷಾಢದಲ್ಲಿ ಮದುವೆ ಮಾಡುವುದಿಲ್ಲ. ಒಳ್ಳೆಯ ಮುಹೂರ್ತದ ದಿನಗಳು ಕಡಿಮೆ, ಅದರಲ್ಲಿ ಭಾನುವಾರಕ್ಕೆ ಬೀಳುವುದು ಇನ್ನೂ ಕಡಿಮೆ. ಎಲ್ಲರ ಮನೆಯಲ್ಲಿರುವುದೂ ಅದೇ ಪಂಚಾಂಗ. ಹಾಗಾಗಿ ಎಲ್ಲರ ಫೋನೂ ಅದೇ ನಾಲ್ಕಾರು ದಿನಗಳಿಗಾಗಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ನೂಕುನುಗ್ಗಲು ಇರುವ ಕಡೆಯಲ್ಲೇ ಸಂದಿ ಇತ್ತು.

ಛತ್ರದ ಮ್ಯಾನೇಜರ್ ವಯಸ್ಸಾದವರು, ಕಂಪ್ಯೂಟರ್ ಬರುವ ಮೊದಲಿನಿಂದಲೂ ಅಲ್ಲಿದ್ದವರು. ಅವರು ಬೀರು ತೆಗೆದು ಹಳೆಯ ರಿಜಿಸ್ಟರ್ ಹೊರಗೆ ಹಾಕಿದರು. ಉದ್ದನೆಯ ದಪ್ಪ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ತಾರೀಖಿಗೊಂದು ಪುಟ. ಪುಟದಲ್ಲಿ ಹಾಲಿಗೊಂದು ಚೌಕ. ಚೌಕದಲ್ಲಿ ಒಂದು ಹೆಸರು, ಒಂದು ಊರು, ಅಡ್ವಾನ್ಸ್ ಮೊತ್ತ, ಒಂದು ಸಹಿ, ಇಷ್ಟಕ್ಕೇ ಜಾಗ. ‘ನೋಡಪ್ಪಾ, ಎರಡನೇ ಹೆಸರು ಬರೀಬೇಕು ಅಂದ್ರೂ ಬರೆಯೋಕೆ ಜಾಗ ಇರ್ಲಿಲ್ಲ. ಪುಸ್ತಕ ಇದ್ದಿದ್ದೂ ಒಂದೇ. ಟ್ರಸ್ಟಿನವರೇ ಆಗ್ಲಿ, ನಂಗೆ ಫೋನ್ ಮಾಡಿ ಕೇಳಿನೇ ಕೊಡ್ಬೇಕಿತ್ತು’ ಅಂದರು. ನಾನು ಆ ಪುಟಗಳನ್ನು ತುಂಬಾ ಹೊತ್ತು ತಿರುವಿ ನೋಡಿದೆ. ಎಲ್ಲೂ ‘ಒಂದು ಹಾಲನ್ನು ಇಬ್ಬರಿಗೆ ಕೊಡಬಾರದು’ ಅಂತ ನಿಯಮ ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯವೇ ಇರಲಿಲ್ಲ. ಗೆರೆ ಹಾಕಿದ ರೀತಿಯಲ್ಲೇ ನಿಯಮ ಇತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೂ ಅದನ್ನು ಹೇಳಿಕೊಡಬೇಕಿರಲಿಲ್ಲ. ಸಾಫ್ಟ್‌ವೇರ್ ಬಂದು ಪುಸ್ತಕವನ್ನು ಎರಡು ಕಡೆಯಿಂದ ತೆರೆಯುವ ಹಾಗೆ ಮಾಡಿತು, ಅದು ಒಳ್ಳೆಯದೇ. ಆದರೆ ಗೆರೆ ಮಾತ್ರ ಎಳೆದಿರಲಿಲ್ಲ.

ಗೆರೆ ಎಲ್ಲಿ ಎಳೆಯಬೇಕು

ಸರಿಪಡಿಸುವ ಬಗ್ಗೆ ಟೀಮಿನಲ್ಲಿ ಚರ್ಚೆ ಆಯಿತು. ರಾತ್ರಿ ಹೊತ್ತು ಒಂದು ಸ್ಕ್ರಿಪ್ಟ್ ಓಡಿಸಿ ಡಬಲ್ ಬುಕಿಂಗ್ ಇದ್ದರೆ ಮೇಲ್ ಕಳಿಸೋಣ ಅಂತ ಒಬ್ಬರು. ಕೋಡ್‌ನಲ್ಲೇ ಒಂದು ಲಾಕ್ ಹಾಕೋಣ, ಒಬ್ಬರು ಬರೆದು ಮುಗಿಸುವ ತನಕ ಉಳಿದವರು ಕಾಯಲಿ ಅಂತ ಇನ್ನೊಬ್ಬರು. ಮೊದಲನೆಯದು ತಡೆಯುವ ಕೆಲಸವೇ ಅಲ್ಲ, ಆದಮೇಲೆ ತಿಳಿಸುವ ಕೆಲಸ. ರಸೀದಿ ಅಷ್ಟು ಹೊತ್ತಿಗೆ ಮನೆ ಸೇರಿರುತ್ತದೆ. ಎರಡನೆಯದು ಆಗಬಹುದು, ಆದರೆ ಆ ಲಾಕ್ ಇರುವುದು ಆ ಒಂದು ಪ್ರೋಗ್ರಾಮಿನಲ್ಲಿ. ನಾಳೆ ಮೊಬೈಲ್ ಆ್ಯಪ್ ಬರುತ್ತದೆ, ಅದನ್ನು ಬೇರೆ ಹುಡುಗರು ಬರೆಯುತ್ತಾರೆ. ಇನ್ನೊಂದು ದಿನ ಯಾರೋ ಎಕ್ಸೆಲ್‌ನಿಂದ ಹಳೆಯ ಬುಕಿಂಗ್‌ಗಳನ್ನು ನೇರವಾಗಿ ಡೇಟಾಬೇಸಿಗೆ ತುಂಬುತ್ತಾರೆ. ಇವರೆಲ್ಲರಿಗೂ ಆ ಲಾಕಿನ ನೆನಪಿರಬೇಕು. ಡೇಟಾಗೆ ಎಷ್ಟು ಬಾಗಿಲಿದ್ದರೂ ಎಲ್ಲ ಬಂದು ಸೇರುವುದು ಡೇಟಾಬೇಸಿನ ಟೇಬಲ್‌ಗೇ, ಅಂದರೆ ಸಾಲುಗಳು ಕೂರುವ ಪಟ್ಟಿಗೇ. ಹಾಗಾಗಿ ನಿಯಮ ಇರಬೇಕಾದ್ದೂ ಅಲ್ಲೇ ಅಂತ ನಾನು ಹಟ ಹಿಡಿದೆ.

ಟೇಬಲ್‌ನಲ್ಲೇ ಬರೆದಿಡುವ ನಿಯಮಕ್ಕೆ ಕನ್‌ಸ್ಟ್ರೇಂಟ್ ಅನ್ನುತ್ತಾರೆ. ಮೊದಲು ಎಲ್ಲರಿಗೂ ಹೊಳೆದದ್ದು ಯುನೀಕ್ ಕನ್‌ಸ್ಟ್ರೇಂಟ್. ಹಾಲ್ ಮತ್ತು ತಾರೀಖು, ಈ ಜೋಡಿ ಎರಡು ಸಲ ಬರಬಾರದು. ಮ್ಯಾನೇಜರ್ ಹತ್ತಿರ ಹೇಳಿದ ಕೂಡಲೇ ಅವರು ತಲೆ ಅಲ್ಲಾಡಿಸಿದರು. ‘ಚಿಕ್ಕ ಹಾಲನ್ನ ಬೆಳಿಗ್ಗೆ ನಾಮಕರಣಕ್ಕೆ, ಸಂಜೆ ಇನ್ನೊಬ್ಬರ ರಿಸೆಪ್ಷನ್‌ಗೆ ಕೊಡ್ತೀವಲ್ಲ? ಚೌಕದ ಮಧ್ಯೆ ಗೆರೆ ಎಳೆದು ಬರೀತಿದ್ದೆ.’ ಅದೂ ಅಲ್ಲದೆ ನಮ್ಮ ಕಡೆ ಮದುವೆ ಒಂದೇ ತಾರೀಖಿನೊಳಗೆ ಮುಗಿಯುವುದೂ ಇಲ್ಲ. ಹಿಂದಿನ ದಿನ ಮಧ್ಯಾಹ್ನ ಹಾಲ್ ಕೈಗೆ ಬರುತ್ತದೆ, ಸಂಜೆ ವರಪೂಜೆ, ಮಾರನೇ ದಿನ ಧಾರೆ, ಊಟ ಮುಗಿಸಿ ಮಧ್ಯಾಹ್ನ 3ಕ್ಕೆ ಬಿಡುತ್ತಾರೆ. ನಮಗೆ ಬೇಕಿದ್ದ ನಿಯಮ ತಾರೀಖಿನದ್ದಲ್ಲ, ಅವಧಿಯದ್ದು: ಒಂದೇ ಹಾಲಿನ ಎರಡು ಬುಕಿಂಗ್‌ಗಳ ಅವಧಿ ಒಂದರ ಮೇಲೊಂದು ಬೀಳಬಾರದು.

ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಇದಕ್ಕೆಂದೇ ಒಂದು ಸೌಲಭ್ಯ ಇದೆ, ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್. 2010ರ 9.0 ಆವೃತ್ತಿಯಲ್ಲಿ ಬಂತು. 2012ರ 9.2ರಲ್ಲಿ ಅವಧಿಯನ್ನೇ ಒಂದು ಟೈಪ್ ಆಗಿ ಇಟ್ಟುಕೊಳ್ಳುವ ರೇಂಜ್ ಟೈಪ್ ಬಂದ ಮೇಲೆ ಇವೆರಡೂ ಸೇರಿ ಬುಕಿಂಗ್ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಾಯಿತು. ಬರೆಯುವುದು ಕೆಲವೇ ಸಾಲು. ‘ಹಾಲ್ ಒಂದೇ ಆಗಿದ್ದು, ಅವಧಿಯೂ ಒಂದರ ಮೇಲೊಂದು ಬೀಳುತ್ತಿದ್ದರೆ ಅಂಥ ಎರಡು ಸಾಲು ಒಟ್ಟಿಗೆ ಇರಬಾರದು’ ಅಂತ ಹೇಳಬೇಕು. ಕ್ಯಾನ್ಸಲ್ ಆದ ಬುಕಿಂಗ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಕೊನೆಯಲ್ಲಿ ಒಂದು ಷರತ್ತು ಸೇರಿಸಬಹುದು. ಅವಧಿಯನ್ನು ಒಂದು ಕಡೆ ತೆರೆದಿಡಬೇಕು, ಅಂದರೆ ಶುರುವಿನ ಹೊತ್ತು ಅವಧಿಯೊಳಗೆ, ಮುಗಿಯುವ ಹೊತ್ತು ಹೊರಗೆ. ಆಗ 3ಕ್ಕೆ ಬಿಡುವವರೂ 3ಕ್ಕೆ ಬರುವವರೂ ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ. ಎಣಿಕೆಯನ್ನೂ ಇದೇ ಥರ, ಶುರು ಒಳಗೆ ಕೊನೆ ಹೊರಗೆ ಇಟ್ಟುಕೊಳ್ಳುವುದು ಯಾಕೆ ಒಳ್ಳೆಯದು ಅಂತ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದಿದ್ದರು. ಪಕ್ಕಪಕ್ಕದ ಎರಡು ಸಾಲು ಸಂಖ್ಯೆಗಳಲ್ಲಿ ಒಂದರ ಕೊನೆಯೇ ಇನ್ನೊಂದರ ಶುರು ಆಗುತ್ತದೆ ಅನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ನಮ್ಮ ಮಧ್ಯಾಹ್ನದ 3 ಗಂಟೆಗೆ ಬೇಕಿದ್ದದ್ದು ಅದೇ.

ಈಗ ಎರಡು ಕಂಪ್ಯೂಟರ್ ಒಂದೇ ಕ್ಷಣಕ್ಕೆ ಬರೆಯಲು ಹೋದರೂ ಒಬ್ಬರದ್ದು ಉಳಿಯುತ್ತದೆ, ಇನ್ನೊಬ್ಬರಿಗೆ 23ಪಿ01 ಅನ್ನುವ ಎರರ್ ಬರುತ್ತದೆ. ಅದನ್ನು ಹಿಡಿದು ‘ಈ ಹಾಲ್ ಈಗಷ್ಟೇ ಬುಕ್ ಆಯಿತು, ಬೇರೆ ದಿನ ನೋಡಿ’ ಅಂತ ಪರದೆ ಮೇಲೆ ತೋರಿಸಿದರೆ ಆಯಿತು. ಕೋಡ್‌ನ ಹಳೆಯ ಚೆಕ್ಕನ್ನು ನಾವು ತೆಗೆಯಲಿಲ್ಲ. ಅದು ಫಾರ್ಮ್ ತುಂಬುವವರಿಗೆ ಮೊದಲೇ ಹೇಳುವ ಸೌಜನ್ಯ. ಆದರೆ ಸತ್ಯ ಕಾಯುವ ಹೊಣೆ ಅದರ ಮೇಲೆ ಇಲ್ಲ. ಆ ಹೊಣೆ ಇಳಿದ ಮೇಲೆ ಟೀಮಿನ ಮಾತಿನ ಧಾಟಿಯೇ ಬದಲಾದದ್ದನ್ನು ನಾನು ಗಮನಿಸಿದೆ. ಹೊಸ ಆ್ಯಪ್ ಬಗ್ಗೆ ಚರ್ಚೆ ಬಂದಾಗ ‘ಡಬಲ್ ಬುಕಿಂಗ್ ಆದರೆ?’ ಅಂತ ಯಾರೂ ಕೇಳಲಿಲ್ಲ. ಆ ಚಿಂತೆ ಎಲ್ಲರ ತಲೆಯಿಂದ ಇಳಿದು ಒಂದು ಜಾಗಕ್ಕೆ ಹೋಗಿತ್ತು.

ಬರೆದ ಮಾತ್ರಕ್ಕೆ ನಿಯಮ ಅಲ್ಲ

ನಿಯಮ ಬರೆದಿದೆ ಅನ್ನುವುದಕ್ಕೂ ಅದು ಜಾರಿಯಲ್ಲಿದೆ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ನನಗೆ ತಕ್ಷಣ ನೆನಪಾಗುವುದು ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್. ಅದರಲ್ಲಿ ವರ್ಷಗಟ್ಟಲೆ ಚೆಕ್ ಕನ್‌ಸ್ಟ್ರೇಂಟ್ ಬರೆಯಲು ಅವಕಾಶ ಇತ್ತು. ‘ವಯಸ್ಸು 0ಕ್ಕಿಂತ ಜಾಸ್ತಿ ಇರಬೇಕು’ ಅಂತ ಟೇಬಲ್ ಮಾಡುವಾಗಲೇ ಬರೆಯಬಹುದಿತ್ತು. ಎರರ್ ಇಲ್ಲದೆ ಟೇಬಲ್ ಆಗುತ್ತಿತ್ತು. ಆದರೆ ಡೇಟಾಬೇಸ್ ಆ ಸಾಲನ್ನು ಓದಿ ಪಕ್ಕಕ್ಕಿಟ್ಟುಬಿಡುತ್ತಿತ್ತು, ಜಾರಿ ಮಾಡುತ್ತಿರಲಿಲ್ಲ. ನಿಜವಾಗಿ ಜಾರಿಗೆ ಬಂದದ್ದು 2019ರ 8.0.16ರಲ್ಲಿ. ಅದಕ್ಕೂ ಮುಂಚೆ ಬರೆದವರು ಎಷ್ಟು ಜನ ‘ನಮ್ಮಲ್ಲಿ ಆ ನಿಯಮ ಇದೆ’ ಅಂತ ನಂಬಿಕೊಂಡು ಮುಂದಿನ ಕೋಡ್ ಬರೆದಿರಬಹುದು, ಯೋಚಿಸಿ. ನಮ್ಮ ಫೋನಿನೊಳಗೆಲ್ಲ ಇರುವ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ನಲ್ಲೂ ಹೀಗೇ. ಫಾರಿನ್ ಕೀ, ಅಂದರೆ ಈ ಸಾಲು ಇನ್ನೊಂದು ಟೇಬಲ್‌ನ ಆ ಸಾಲಿಗೆ ಸೇರಿದ್ದು ಅನ್ನುವ ನಿಯಮ, ಬರೆದಿದ್ದರೂ ಸಾಮಾನ್ಯವಾಗಿ ಪ್ರತಿ ಕನೆಕ್ಷನ್‌ನಲ್ಲೂ ‘ಫಾರಿನ್ ಕೀ ಆನ್ ಮಾಡು’ ಅಂತ ಬೇರೆಯಾಗಿ ಹೇಳಬೇಕು. ಹೇಳದಿದ್ದರೆ ತಂದೆ ಸಾಲು ಹೋದರೂ ಮಕ್ಕಳ ಸಾಲುಗಳು ಅನಾಥವಾಗಿ ಉಳಿಯುತ್ತವೆ. ಸಂಖ್ಯೆ ಅಂತ ಬರೆದ ಕಾಲಂನಲ್ಲಿ ಅಕ್ಷರ ತುಂಬಿದರೂ ಅದು ಒಪ್ಪಿಕೊಳ್ಳುತ್ತದೆ. ಹಾಗೆ ಒಪ್ಪಬಾರದು ಅಂದರೆ ಟೇಬಲ್ ಮಾಡುವಾಗಲೇ ಸ್ಟ್ರಿಕ್ಟ್ ಅಂತ ಹೇಳಬೇಕು, ಆ ಸೌಲಭ್ಯ 2021ರ 3.37ರಲ್ಲಿ ಬಂತು. ಹಳೆಯ ಫೈಲುಗಳು, ಹಳೆಯ ಪ್ರೋಗ್ರಾಂಗಳು ಮುರಿಯಬಾರದು ಅನ್ನುವ ಕಾಳಜಿ ಅವರದ್ದು, ಅದು ನನಗೆ ಅರ್ಥವಾಗುತ್ತದೆ. ಆದರೂ ಇಂಥ ಕಡೆ ಒಂದು ಕೆಲಸ ಮಾಡುವುದನ್ನು ನಾನು ಬಿಡುವುದಿಲ್ಲ. ಕನ್‌ಸ್ಟ್ರೇಂಟ್ ಬರೆದ ತಕ್ಷಣ ಅದನ್ನು ಮುರಿಯುವ ಸಾಲನ್ನು ಬೇಕೆಂದೇ ಸೇರಿಸಿ ನೋಡುತ್ತೇನೆ. ಡೇಟಾಬೇಸ್ ಬೇಡ ಅಂದರೆ ಮಾತ್ರ ನಿಯಮ ಇದೆ ಅಂತ ಅರ್ಥ.

ಬಿಟ್ಟುಕೊಟ್ಟರೆ ಸಿಗುವುದು

ಪ್ರೋಗ್ರಾಮಿಂಗ್ ಭಾಷೆಗಳ ವಿಷಯಕ್ಕೆ ಬಂದರೆ ಇದೇ ಮಾತು ಇನ್ನೂ ಹಳೆಯದು. 1968ರ ಮಾರ್ಚ್‌ನಲ್ಲಿ ಎಸಿಎಂ ಅನ್ನುವ ಕಂಪ್ಯೂಟರ್ ತಜ್ಞರ ಸಂಘದ ಪತ್ರಿಕೆಯಲ್ಲಿ ಡೈಕ್‌ಸ್ಟ್ರಾ ಅವರ ಒಂದು ಪತ್ರ ಬಂತು, ಗೋಟು ಬೇಡ ಅಂತ. ಗೋಟು ಅಂದರೆ ‘ಇಲ್ಲಿಂದ ಆ ಸಾಲಿಗೆ ಹಾರು’ ಅನ್ನುವ ಆಜ್ಞೆ. ಗೋಟು ಇಲ್ಲದೆಯೂ ಯಾವ ಲೆಕ್ಕವನ್ನಾದರೂ ಬರೆಯಬಹುದು ಅಂತ ಬೋಮ್ ಮತ್ತು ಯಾಕೊಪಿನಿ ಅನ್ನುವ ಇಬ್ಬರು ಸಂಶೋಧಕರು 1966ರಲ್ಲೇ ತೋರಿಸಿದ್ದರು. ಆದರೆ ಡೈಕ್‌ಸ್ಟ್ರಾ ವಾದ ಸಾಧ್ಯವೋ ಇಲ್ಲವೋ ಅನ್ನುವುದರ ಬಗ್ಗೆ ಅಲ್ಲ, ಓದುವ ಮನುಷ್ಯನ ಬಗ್ಗೆ. ಕಾಗದದ ಮೇಲೆ ಕೋಡ್ ನಿಂತಿರುತ್ತದೆ, ಯಂತ್ರದಲ್ಲಿ ಅದು ಓಡುತ್ತಿರುತ್ತದೆ. ನಿಂತದ್ದನ್ನು ನೋಡಿ ಓಡುವುದನ್ನು ಊಹಿಸುವುದರಲ್ಲಿ ನಾವು ಅಷ್ಟು ಗಟ್ಟಿಗರಲ್ಲ. ಗೋಟು ಇಲ್ಲದಿದ್ದರೆ, ಈಗ ಯಾವ ಸಾಲಿನಲ್ಲಿದ್ದೇವೆ, ಯಾರು ಯಾರನ್ನು ಕರೆದು ಇಲ್ಲಿಗೆ ಬಂದೆವು, ಲೂಪ್ ಎಷ್ಟನೇ ಸುತ್ತಿನಲ್ಲಿದೆ, ಇಷ್ಟು ತಿಳಿದರೆ ಕೆಲಸ ಎಲ್ಲಿಗೆ ಬಂದಿದೆ ಅಂತ ಹೇಳಬಹುದು. ಎಲ್ಲಿಂದ ಎಲ್ಲಿಗೆ ಬೇಕಾದರೂ ಹಾರಬಹುದು ಅಂದಾಗ ಈ ಲೆಕ್ಕ ಕೈತಪ್ಪುತ್ತದೆ. ಬರೆಯುವವರ ಕೈಯಿಂದ ಒಂದು ಸಲಕರಣೆ ಹೋಯಿತು, ಓದುವ ಎಲ್ಲರಿಗೂ ಒಂದು ಭರವಸೆ ಸಿಕ್ಕಿತು. ಇವತ್ತು ಹೊಸ ಹುಡುಗರಿಗೆ ಗೋಟು ಇಲ್ಲ ಅಂತ ಬೇಸರವೇ ಇಲ್ಲ. ಅದು ಇತ್ತು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇದನ್ನು ಕೊನೆಯ ತನಕ ಒಯ್ದವರು ಬಾಹ್ಯಾಕಾಶದ ಕೋಡ್ ಬರೆಯುವವರು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ ಸಿ ಭಾಷೆಯ ಕೋಡ್‌ಗೆ ಹತ್ತು ನಿಯಮ ಕೊಟ್ಟರು. ಗೋಟು ಬೇಡ, ರಿಕರ್ಷನ್ ಬೇಡ, ಅಂದರೆ ಫಂಕ್ಷನ್ ತನ್ನನ್ನೇ ತಾನು ಕರೆಯಬಾರದು. ಪ್ರತಿ ಲೂಪಿಗೂ ಇಷ್ಟು ಸುತ್ತು ಮೀರುವುದಿಲ್ಲ ಅಂತ ಒಂದು ಮಿತಿ. ಶುರುವಾದ ಮೇಲೆ ಹೊಸದಾಗಿ ಮೆಮೊರಿ ಕೇಳುವಂತಿಲ್ಲ. ಒಂದು ಫಂಕ್ಷನ್ ಕಾಗದದ ಒಂದು ಪುಟ ಮೀರಬಾರದು, ಅಂದರೆ ಸುಮಾರು 60 ಸಾಲು. ಮೊದಲ ಸಲ ಓದಿದಾಗ ಕೈಕಾಲು ಕಟ್ಟಿದ ಹಾಗೆ ಅನ್ನಿಸುತ್ತದೆ. ಆದರೆ ಕಾರಣ ನೋಡಿ. ರಿಕರ್ಷನ್ ಇಲ್ಲ ಅಂದರೆ ಸ್ಟಾಕ್, ಅಂದರೆ ಒಂದರೊಳಗೊಂದು ಕರೆದ ಫಂಕ್ಷನ್‌ಗಳು ಹಿಡಿಯುವ ಮೆಮೊರಿ, ಹೆಚ್ಚೆಂದರೆ ಎಷ್ಟು ಬೆಳೆಯಬಹುದು ಅಂತ ಓಡಿಸದೆಯೇ ಲೆಕ್ಕ ಹಾಕಬಹುದು. ಲೂಪಿಗೆ ಮಿತಿ ಇದ್ದರೆ ಅದು ಮುಗಿಯುತ್ತದೆ ಅಂತ ಒಂದು ಟೂಲ್ ಸಾಬೀತು ಮಾಡಬಹುದು. ರಾಕೆಟ್ ಮೇಲೆ ಹೋದ ಮೇಲೆ ಹ್ಯಾಂಗ್ ಆದರೆ ಹೋಗಿ ರೀಸ್ಟಾರ್ಟ್ ಮಾಡಲಾಗುವುದಿಲ್ಲವಲ್ಲ. ಲಿನಕ್ಸ್‌ನ ಇಬಿಪಿಎಫ್‌ನಲ್ಲೂ ಇದೇ ಯೋಚನೆ. ಅಲ್ಲಿ ಹೊರಗಿನವರು ಬರೆದ ಪುಟ್ಟ ಪ್ರೋಗ್ರಾಂ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನ ಒಳಗೇ ಓಡುತ್ತದೆ. ಅದಕ್ಕೂ ಮುಂಚೆ ವೆರಿಫೈಯರ್ ಅನ್ನುವ ಪರೀಕ್ಷಕ ಅದನ್ನು ಓದಿ, ಮುಗಿಯುತ್ತದೆ ಮತ್ತು ಮುಟ್ಟಬಾರದ ಮೆಮೊರಿ ಮುಟ್ಟುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತದೆ. ಮೊದಲು ಲೂಪೇ ಇರಲಿಲ್ಲ. 2019ರ 5.3 ಕರ್ನಲ್‌ನಲ್ಲಿ ಮಿತಿ ಇರುವ ಲೂಪ್ ಒಪ್ಪಿಕೊಂಡರು. ಇಷ್ಟು ಬಿಗಿ ಇರುವುದರಿಂದಲೇ ಅಪರಿಚಿತರ ಕೋಡನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವ ಧೈರ್ಯ ಬಂದದ್ದು.

ರಸ್ಟ್ ಭಾಷೆಯ ಬಗ್ಗೆ ನನಗೆ ಪ್ರೀತಿ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಅದರ ಮುಖ್ಯ ಕಟ್ಟುಪಾಡು ಒಂದು ಸಾಲಿನದ್ದು: ಒಂದು ವಸ್ತುವನ್ನು ಒಂದೇ ಹೊತ್ತಿಗೆ ಎಷ್ಟು ಜನ ಬೇಕಾದರೂ ನೋಡಬಹುದು, ಇಲ್ಲವೇ ಒಬ್ಬರು ಬದಲಾಯಿಸಬಹುದು, ಎರಡೂ ಒಟ್ಟಿಗೆ ಆಗುವುದಿಲ್ಲ. ಸಿ++ ಭಾಷೆಯಲ್ಲಿ ಒಂದು ಪಟ್ಟಿಯನ್ನು ಸುತ್ತುತ್ತಿರುವಾಗ ಅದೇ ಪಟ್ಟಿಗೆ ಹೊಸದೊಂದನ್ನು ಸೇರಿಸಿದಿರಿ ಅಂದುಕೊಳ್ಳಿ. ಪಟ್ಟಿಗೆ ಇದ್ದ ಜಾಗ ಸಾಲದೆ ಅದು ದೊಡ್ಡ ಜಾಗಕ್ಕೆ ಎದ್ದು ಹೋಗುತ್ತದೆ. ಸುತ್ತುತ್ತಿದ್ದ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ ಇಟ್ಟುಕೊಂಡಿರುವ ಗುರುತು, ಮಾತ್ರ ಹಳೆಯ ವಿಳಾಸವನ್ನೇ ಹಿಡಿದುಕೊಂಡಿರುತ್ತದೆ. ಹತ್ತು ಸಲ ಸರಿಯಾಗಿ ಓಡುತ್ತದೆ, ಹನ್ನೊಂದನೇ ಸಲ ಎಲ್ಲೋ ಸಂಬಂಧವಿಲ್ಲದ ಕಡೆ ಬೀಳುತ್ತದೆ. ಇಂಥ ಬಗ್ ಹುಡುಕಿ ರಾತ್ರಿ ಕಳೆದವರಿಗೆ ಗೊತ್ತು ಅದರ ಸಂಕಟ. ರಸ್ಟ್‌ನಲ್ಲಿ ಆ ಕೋಡ್ ಕಂಪೈಲ್ ಆಗುವುದೇ ಇಲ್ಲ, ಅಂದರೆ ಓಡುವ ಪ್ರೋಗ್ರಾಂ ಆಗಿ ಬದಲಾಗುವುದೇ ಇಲ್ಲ. ಸುತ್ತುವವರು ನೋಡುತ್ತಿದ್ದಾರೆ, ಸೇರಿಸುವವರು ಬದಲಾಯಿಸಲು ಬಂದಿದ್ದಾರೆ, ಎರಡೂ ಆಗದು ಅಂತ ಕಂಪೈಲರ್ ಸಾಲಿನ ನಂಬರ್ ಸಮೇತ ಹೇಳುತ್ತದೆ. ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಎರಡು ಥ್ರೆಡ್ ಒಂದೇ ಡೇಟಾಗೆ ಒಟ್ಟಿಗೆ ಕೈ ಹಾಕುವುದನ್ನು ತಡೆಯುವುದರಲ್ಲೂ ಇದೇ ನಿಯಮವೇ ಅಡಿಪಾಯ. ನಮ್ಮ ಛತ್ರದ ಕಥೆಯೂ ಅದೇ ಅಲ್ವಾ? ನೋಡಿದವರು ನೋಡಿದ್ದನ್ನು ನಂಬಿ ಬರೆಯುವಷ್ಟರಲ್ಲಿ ಇನ್ನೊಬ್ಬರು ಬದಲಾಯಿಸಿದ್ದರು.

ಕಷ್ಟ ಇಲ್ಲ ಅಂತಲ್ಲ. ಪ್ರತಿ ವಸ್ತುವಿಗೂ ಹಿಂದೆಮುಂದೆ ಕೊಂಡಿ ಇರುವ ಪಟ್ಟಿಯನ್ನು, ಅಂದರೆ ಲಿಂಕ್ಡ್ ಲಿಸ್ಟನ್ನು ರಸ್ಟ್‌ನಲ್ಲಿ ಬರೆಯಲು ಹೋದವರಿಗೆ ಬೆವರು ಇಳಿಯುತ್ತದೆ, ಯಾಕಂದರೆ ಅಲ್ಲಿ ಒಂದೇ ವಸ್ತುವಿನ ಮೇಲೆ ಎರಡು ಕಡೆಯಿಂದ ಕೈ ಇರುತ್ತದೆ. ಅದಕ್ಕೆ ಅನ್‌ಸೇಫ್ ಅನ್ನುವ ಬಾಗಿಲು ಇಟ್ಟಿದ್ದಾರೆ. ಆ ಬಾಗಿಲು ಇರುವುದು ನನಗೆ ಸರಿ ಅನ್ನಿಸುತ್ತದೆ. ಅದಕ್ಕಿಂತ ಮುಖ್ಯ, ಆ ಬಾಗಿಲಿಗೆ ಹೆಸರಿದೆ. ಪ್ರಾಜೆಕ್ಟಿನಲ್ಲಿ ಆ ಹೆಸರು ಹುಡುಕಿದರೆ ಎಲ್ಲೆಲ್ಲಿ ಕಟ್ಟುಪಾಡು ಸಡಿಲಿಸಿದ್ದೇವೆ ಅಂತ ಪಟ್ಟಿ ಸಿಗುತ್ತದೆ, ರಿವ್ಯೂ ಮಾಡುವವರು ಅಲ್ಲಿ ಕಣ್ಣಿಟ್ಟರೆ ಆಯಿತು.

ಲಾಸ್ಟ್ ನೇಮ್ ಇಲ್ಲದವರು

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ದೃಶ್ಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಚನ್ನರಾಯಪಟ್ಟಣದ ಒಂದು ಸೈಬರ್ ಸೆಂಟರ್. ನಮ್ಮ ದೊಡ್ಡಪ್ಪನ ಒಂದು ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕಿತ್ತು, ನಾನೂ ಜೊತೆಗಿದ್ದೆ. ಹುಡುಗ ಹೆಸರು ಕೇಳಿದ, ದೊಡ್ಡಪ್ಪ ಹೇಳಿದರು. ಟೈಪ್ ಮಾಡಿದ. ‘ಲಾಸ್ಟ್ ನೇಮ್ ಹೇಳಿ ಯಜಮಾನ್ರೇ’ ಅಂದ. ದೊಡ್ಡಪ್ಪ ಮತ್ತೆ ಅದೇ ಹೆಸರು ಹೇಳಿದರು. ‘ಅದು ಆಯ್ತು, ಅದರ ಮುಂದಿಂದು?’ ‘ಮುಂದಿಂದು ಏನೂ ಇಲ್ಲಪ್ಪ, ಹಿಂದೆ ಎರಡು ಇನಿಷಿಯಲ್ ಐತೆ. ಒಂದು ಊರಿಂದು, ಒಂದು ನಮ್ಮಪ್ಪಂದು.’ ಹುಡುಗ ಇನಿಷಿಯಲ್ ಹಾಕಿ ನೋಡಿದ. ಕನಿಷ್ಠ ಮೂರಕ್ಷರ ಬೇಕು ಅಂತ ಕೆಂಪಗೆ ಬಂತು. ಚುಕ್ಕೆ ಹಾಕಿದ. ಅಕ್ಷರ ಮಾತ್ರ ಅಂತ ಬಂತು. ಕೊನೆಗೆ ಆತ ಹೆಸರನ್ನೇ ಎರಡು ಸಲ ಟೈಪ್ ಮಾಡಿ ಮುಂದಕ್ಕೆ ಹೋದ. ಆ ಕೈಯ ವೇಗ ನೋಡಿದರೆ ಗೊತ್ತಾಗುತ್ತಿತ್ತು, ದಿನಾ ಎಷ್ಟೋ ಜನಕ್ಕೆ ಹೀಗೇ ಮಾಡುತ್ತಾನೆ. ಆಮೇಲೆ ಆ ಕಾಗದಕ್ಕೂ ಆಧಾರ್‌ಗೂ ಹೆಸರು ತಾಳೆ ಆಗಲಿಲ್ಲ, ಅದಕ್ಕೆ ಅಫಿಡವಿಟ್ ಮಾಡಿಸಬೇಕಾಯಿತು.

ಆ ಫಾರ್ಮಿನ ಹಿಂದೆಯೂ ಒಂದು ಕನ್‌ಸ್ಟ್ರೇಂಟ್ ಇತ್ತು. ಲಾಸ್ಟ್ ನೇಮ್ ಖಾಲಿ ಇರಬಾರದು, ಮೂರಕ್ಷರಕ್ಕಿಂತ ಕಡಿಮೆ ಇರಬಾರದು. ಅದು ಚೆನ್ನಾಗೇ ಜಾರಿಯಲ್ಲಿತ್ತು, ಯಾರೂ ದಾಟಲಾಗದ ಹಾಗೆ. ಆದರೆ ಅದು ನಿಜ ಅಲ್ಲ. ಕರ್ನಾಟಕದಲ್ಲಿ ಮನೆತನದ ಹೆಸರು ಇರುವವರೂ ಇದ್ದಾರೆ, ಉತ್ತರ ಕರ್ನಾಟಕದಲ್ಲಂತೂ ಅದು ಸಾಮಾನ್ಯ. ಹಳೇ ಮೈಸೂರು ಕಡೆ ಇನಿಷಿಯಲ್ ಮಾತ್ರ ಇರುವವರು ಲಕ್ಷಗಟ್ಟಲೆ. ಜಗತ್ತಿನಲ್ಲಿ ಇಲ್ಲದ ನಿಯಮವನ್ನು ಯಂತ್ರದಲ್ಲಿ ಹಾಕಿದಾಗ ಜನ ತಮ್ಮ ಹೆಸರು ಬದಲಾಯಿಸಿಕೊಳ್ಳುವುದಿಲ್ಲ, ಯಂತ್ರಕ್ಕೆ ಬೇಕಾದ್ದನ್ನು ತುಂಬಿ ಮುಂದೆ ಹೋಗುತ್ತಾರೆ. ಕೊನೆಗೆ ಡೇಟಾ ಶುದ್ಧ ಇರಲಿ ಅಂತ ಹಾಕಿದ ಗೆರೆಯೇ ಡೇಟಾ ಕೆಡಿಸುತ್ತದೆ. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿನವರಿಗೆ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಬರೆಯುತ್ತಾರೆ. ಕೆಲವರ ಡ್ರೈವಿಂಗ್ ಲೈಸೆನ್ಸಿನಲ್ಲೂ ಅದೇ ಹೆಸರಾಗಿ ಕೂತಿದೆ. ಯುಎಇ 2022ರ ನವೆಂಬರ್‌ನಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದಾಗ, ಮಕ್ಕಳನ್ನು ನೋಡಲು ದುಬೈಗೆ ಹೊರಡುವ ಒಂಟಿ ಹೆಸರಿನ ಅಪ್ಪ ಅಮ್ಮಂದಿರಿಗೆ ಅದೇ ದೊಡ್ಡ ತಡೆಯಾಯಿತು.

ಅಕ್ಷರಗಳ ಎಣಿಕೆಯಲ್ಲೂ ಇಂಥದ್ದೇ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕೃ’ ಅಂತ ಬರೆದರೆ ಕ ಒಂದು ಸಂಕೇತ, ವಟ್ರಸುಳಿ ಇನ್ನೊಂದು, ಒಟ್ಟು 6 ಬೈಟ್. ಹೆಸರಿಗೆ 30 ಬೈಟ್ ಸಾಕು ಅಂತ ಯಾರೋ ಕಟ್ಟಿದರೆ ಕನ್ನಡದಲ್ಲಿ ಹತ್ತೇ ಸಂಕೇತಕ್ಕೆ ಮುಗಿಯಿತು, ಒತ್ತಕ್ಷರ ಇರುವ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ಅಲ್ಲಿ 140 ಬೈಟಿನ ಮಿತಿ ನಿಜವಾದದ್ದು, ನೆಟ್‌ವರ್ಕಿನದ್ದು. ಹೆಸರಿನ ಕಾಲಂನ 30 ಮಾತ್ರ ಯಾರದ್ದೋ ಅಂದಾಜು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ. ಪಿನ್‌ಕೋಡ್ ಆರಂಕಿ, ಮೊದಲ ಅಂಕಿ 0 ಅಲ್ಲ ಅನ್ನುವ ನಿಯಮವನ್ನು ನಾನು ಕಣ್ಣು ಮುಚ್ಚಿ ಟೇಬಲ್‌ನಲ್ಲಿ ಹಾಕುತ್ತೇನೆ. 1972ರಲ್ಲಿ ಅಂಚೆ ಇಲಾಖೆ ಹಾಗೆ ಮಾಡಿದೆ, ಅದು ನಿಜ. ಮನುಷ್ಯರ ಹೆಸರಿಗೆ ಖಾಲಿ ಇರಬಾರದು ಅನ್ನುವುದನ್ನು ಬಿಟ್ಟರೆ ಬೇರೆ ಏನೂ ಹಾಕುವುದಿಲ್ಲ. ಕಾಲಂ ಒಂದೇ, ಪೂರ್ತಿ ಹೆಸರು.

ಹಳೆಯ ಸಾಲುಗಳು

ಛತ್ರದ ಕೆಲಸ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್‌ಗೆ ಮುಗಿಯಲಿಲ್ಲ. ಅದನ್ನು ಸೇರಿಸುವ ಮೊದಲೇ ಆಗಲೇ ಇದ್ದ ಡಬಲ್ ಬುಕಿಂಗ್‌ಗಳನ್ನು ಬಿಡಿಸಬೇಕಿತ್ತು, ಇಲ್ಲದಿದ್ದರೆ ಡೇಟಾಬೇಸ್ ಅದನ್ನು ಸೇರಿಸಲು ಒಪ್ಪುವುದಿಲ್ಲ. ಚೆಕ್ ಕನ್‌ಸ್ಟ್ರೇಂಟ್ ಮತ್ತು ಫಾರಿನ್ ಕೀಗೆ ಪೋಸ್ಟ್‌ಗ್ರೆಸ್‌ನಲ್ಲಿ ಸ್ವಲ್ಪ ಮೆತ್ತನೆಯ ದಾರಿ ಇದೆ. ‘ನಾಟ್ ವ್ಯಾಲಿಡ್’ ಅಂತ ಸೇರಿಸಿದರೆ ಹಳೆಯ ಸಾಲುಗಳನ್ನು ಸದ್ಯ ನೋಡುವುದಿಲ್ಲ, ಹೊಸದಾಗಿ ಬರುವುದನ್ನೂ ಬದಲಾಗುವುದನ್ನೂ ಮಾತ್ರ ತಡೆಯುತ್ತದೆ. ನಿಧಾನವಾಗಿ ಹಳೆಯದನ್ನು ಸರಿಮಾಡಿಕೊಂಡು ಆಮೇಲೆ ‘ವ್ಯಾಲಿಡೇಟ್’ ಅನ್ನಬಹುದು. ವರ್ಷಗಳಿಂದ ಓಡುತ್ತಿರುವ ಸಿಸ್ಟಂಗೆ ನಿಯಮ ತರುವವರಿಗೆ ಇದಕ್ಕಿಂತ ಉಪಕಾರದ ಸೌಲಭ್ಯ ನನಗೆ ಗೊತ್ತಿಲ್ಲ. ನಡುವಿನ ಆ ಸಮಯದಲ್ಲಿ ನಿಯಮ ಮುರಿದ ಸಾಲುಗಳನ್ನು ಒಂದೊಂದಾಗಿ ಓದುವುದು ನನಗೆ ಇಷ್ಟದ ಕೆಲಸ. ಕೆಲವು ಬರೀ ಟೈಪಿಂಗ್ ತಪ್ಪು. ಇನ್ನು ಕೆಲವು, ನಿಯಮ ಬರೆದವರಿಗೆ ಗೊತ್ತಿಲ್ಲದ ಸಂಗತಿ.

ಬಾಡಿಗೆ 0ಕ್ಕಿಂತ ಜಾಸ್ತಿ ಇರಬೇಕು ಅನ್ನುವುದು ಯಾರೂ ಪ್ರಶ್ನಿಸದ ನಿಯಮ ಆಗಿತ್ತು. ಹಳೆಯ ಸಾಲುಗಳನ್ನು ನೋಡಿದರೆ ಅಲ್ಲಲ್ಲಿ ಬಾಡಿಗೆ ಸೊನ್ನೆ. ಟೀಮಿನವರು ತಪ್ಪು ಎಂಟ್ರಿ ಅಂತ ಅಳಿಸಲು ಹೊರಟಿದ್ದರು. ಮ್ಯಾನೇಜರ್ ಹತ್ತಿರ ಪಟ್ಟಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದರು. ‘ಇವು ತಪ್ಪಲ್ಲಪ್ಪ. ತೀರಾ ಕೈಲಾಗದವರಿಗೆ ಟ್ರಸ್ಟ್ ಹಾಗೇ ಕೊಡುತ್ತೆ. ಕರೆಂಟ್ ಬಿಲ್ಲೂ ತಗೊಳ್ಳಲ್ಲ’ ಅಂದರು. ಹಾಗಂತ ನಿಯಮವನ್ನು ಸುಮ್ನೆ ಸೊನ್ನೆಗೆ ಸಡಿಲಿಸಿದರೆ ಯಾರು ಬೇಕಾದರೂ ಪರಿಚಯದವರಿಗೆ ಸೊನ್ನೆ ಹಾಕಬಹುದು, ಅದು ಟ್ರಸ್ಟಿಗೂ ಬೇಡವಾಗಿತ್ತು. ಕೊನೆಗೆ ಬರೆದದ್ದು ಹೀಗೆ: ಬಾಡಿಗೆ ಸೊನ್ನೆಗಿಂತ ಜಾಸ್ತಿ ಇರಬೇಕು, ಇಲ್ಲವೇ ಬಾಡಿಗೆ ಸೊನ್ನೆಯೇ ಆಗಿದ್ದು ಮಂಜೂರು ಮಾಡಿದ ಟ್ರಸ್ಟಿಯ ಹೆಸರಿನ ಕಾಲಂ ತುಂಬಿರಬೇಕು. ಇದರ ಜೊತೆಗೆ ಬಾಡಿಗೆ ಕಾಲಂ ಖಾಲಿ ಬಿಡುವಂತಿಲ್ಲ ಅಂತ ಬೇರೆಯಾಗಿ ಇನ್ನೊಂದು. ಎರಡನೆಯದು ಬೇಕೇಬೇಕು, ಯಾಕಂದರೆ ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಚೆಕ್ ಕನ್‌ಸ್ಟ್ರೇಂಟ್ ತಡೆಯುವುದು ಉತ್ತರ ಖಚಿತವಾಗಿ ‘ಸುಳ್ಳು’ ಅಂತ ಬಂದರೆ ಮಾತ್ರ. ಬಾಡಿಗೆ ನಲ್, ಅಂದರೆ ಏನೂ ತುಂಬದೆ ಖಾಲಿ, ಇದ್ದರೆ ‘ಸೊನ್ನೆಗಿಂತ ಜಾಸ್ತಿಯೇ?’ ಅನ್ನುವುದಕ್ಕೆ ಉತ್ತರವೂ ನಲ್, ಆ ಸಾಲು ಸಲೀಸಾಗಿ ಒಳಗೆ ಹೋಗುತ್ತದೆ. ಎರಡನ್ನೂ ಹಾಕಿ, ಮುರಿಯುವ ಸಾಲುಗಳನ್ನು ಒಂದೊಂದಾಗಿ ಸೇರಿಸಲು ನೋಡಿದೆವು. ಬಾಡಿಗೆ ಇಲ್ಲದ್ದು ಹೋಗಲಿಲ್ಲ. ಸೊನ್ನೆ ಇದ್ದು ಟ್ರಸ್ಟಿಯ ಹೆಸರಿಲ್ಲದ್ದೂ ಹೋಗಲಿಲ್ಲ. ಸೊನ್ನೆ ಇದ್ದು ಹೆಸರಿದ್ದದ್ದು ಹೋಯಿತು. ಆಮೇಲೆ ಹಳೆಯ ಉಚಿತ ಮದುವೆಗಳಿಗೆಲ್ಲ ಮಂಜೂರು ಮಾಡಿದವರ ಹೆಸರನ್ನು ಮ್ಯಾನೇಜರ್ ಹಳೆಯ ರಿಜಿಸ್ಟರ್ ನೋಡಿ ಹೇಳುತ್ತಾ ಹೋದರು, ನಾನು ತುಂಬುತ್ತಾ ಹೋದೆ. ಅದು ಮುಗಿದ ಮೇಲೆ ವ್ಯಾಲಿಡೇಟ್ ಓಡಿಸಿದೆವು, ಎರರ್ ಬರಲಿಲ್ಲ.